ಗೇಣಿ ಕೊಡಬೇಡ, ಹೇಝಲ್

ಸಲಾಲಾ,
೧೭ ಅಕ್ಟೋಬರ್ ೨೦೨೫, ಶುಕ್ರವಾರ

ಪ್ರೀತಿಯ ಹೇಝಲ್ ಬಾಯೆ,

ಹೇಗಿದ್ದಿ? ಜ್ವರ ಬಿಟ್ಟಿತಾ? ಊರಿಗೆಲ್ಲ ಮಾತ್ರೆ ಕೊಡುವ ನರ್ಸಮ್ಮನೇ ಮಲೇರಿಯಾ ಹಿಡಿಸಿಕೊಂಡು ಮಲಗಿದರೆ ಆ ಹಳ್ಳಿಯವರು ಯಾರ ಮುಖ ನೋಡಬೇಕು? ನಿನ್ನ ಅತ್ತೆ ನಾ ಮೂ ಪೋ ಅವರ ಮಂಡಿನೋವು ಹೇಗುಂಟು? ನಾವಿಲ್ಲಿ ಸೌಖ್ಯ. ಖರೀಫ್ ಎಂದು ಕರೆಯುವ ಇಲ್ಲಿನ ಮಳೆಗಾಲ ಮುಗಿದು ಗುಡ್ಡಗಳು ಪುನಃ ಒಂಟೆಯ ಬಣ್ಣಕ್ಕೆ ತಿರುಗಿವೆ. ವನೆಸ್ಸಾ ಆಂಟಿಗೆ ಸಕ್ಕರೆ ಸ್ವಲ್ಪ ಹೆಚ್ಚು, ನನಗೆ ಬಾಯಿ ಸ್ವಲ್ಪ ಹೆಚ್ಚು. ಎರಡಕ್ಕೂ ಮದ್ದಿಲ್ಲ ಎಂದು ಅವಳೇ ಹೇಳುತ್ತಾಳೆ.

ನಿಮ್ಮ ಕಡೆ ನೆಟ್ ಕಡಿದು ಹಾಕಿದ್ದಾರಂತೆ. ಆದ್ದರಿಂದ ಈ ಕಾಗದದ ಫೋಟೋ ತೆಗೆದು ನದಿಯಾಚೆ ಥಾಯ್ಲೆಂಡಿನಲ್ಲಿರುವ ಸಿಸ್ಟರುಗಳ ಮೊಬೈಲಿಗೆ ಕಳಿಸುತ್ತೇನೆ. ಅವರು ಪ್ರಿಂಟ್ ತೆಗೆದು, ನಿನ್ನ ಔಷಧಿಯ ಪೆಟ್ಟಿಗೆ ತರುವ ದೋಣಿಯವನ ಕೈಯಲ್ಲಿ ಮುಟ್ಟಿಸುತ್ತಾರೆ. ದಾರಿಯಲ್ಲಿ ಆ ಬಂದೂಕಿನವರು ಹಿಡಿದರೂ ಹೆದರಬೇಡ, ಕನ್ನಡ ಓದುವ ಕಮಾಂಡರ್ ಬರ್ಮಾದಲ್ಲಿ ಇನ್ನೂ ಹುಟ್ಟಿಲ್ಲ. ಏಳನೇ ಕ್ಲಾಸಿನಲ್ಲಿ ಪತ್ರಲೇಖನಕ್ಕೆ ನಾನೇ ಫಸ್ಟ್ ಎಂಬುದು ನಿನಗೆ ಗೊತ್ತೇ ಇದೆ. ಕ್ಲಾಸಿನಲ್ಲಿ ಇದ್ದದ್ದೇ ಆರು ಜನ ಎಂದು ನಿನ್ನ ಅಮ್ಮ ಹೇಳುತ್ತಾಳೆ. ನಂಬಬೇಡ.

ನಿನ್ನ ಗಂಡನ ಹಡಗು ಸೋಮವಾರ ಬಂತು. ಸಲಾಲಾ ಬಂದರಿಗೆ ಬಂದ ಯಾವ ಹಡಗೂ ನನ್ನ ನೀರುಳ್ಳಿ, ಬಟಾಟೆ ಹತ್ತಿಸಿಕೊಳ್ಳದೆ ಹೊರಡುವುದಿಲ್ಲ. ಕಂಪನಿ ನನಗೆ ವೀಸಾ ಕೊಟ್ಟ ಕಫೀಲ್ ಮಹಮೂದ್‌ನದ್ದು, ಅದು ಬೇರೆ ಮಾತು. ಕ್ಯಾಪ್ಟನ್‌ಗಳು ಕೇಳುವುದು ನನ್ನನ್ನೇ. ತರಕಾರಿ ಹತ್ತಿಸುತ್ತಿರುವಾಗ ಇಂಜಿನ್ ರೂಮಿನಿಂದ ಕಪ್ಪು ಎಣ್ಣೆ ಮೆತ್ತಿಕೊಂಡು ನಿನ್ನ ಟೂ ಲೇ ಮೇಲೆ ಬಂದ. ಮದುವೆಯ ದಿನ ನನ್ನ ಜೊತೆ ಬೈಲಾ ಕುಣಿದ ಹುಡುಗ ಅವನೇ ಹೌದಾ ಎಂದು ನನಗೆ ಸಂಶಯ ಬರುವಷ್ಟು ಸೊರಗಿದ್ದಾನೆ. ಬಂದರಿನ ಪಾಸ್ ಮಾಡಿಸಿ ಮನೆಗೆ ಕರೆತಂದೆ. ವನೆಸ್ಸಾ ಅಂಜಲ್ ಮೀನಿನ ಸಾರು ಮಾಡಿದ್ದಳು. ಅನ್ನ ಕಲಸುತ್ತಲೇ, ನೀನು ಕಲಿಸಿದ ಹರಕು ಕೊಂಕಣಿಯಲ್ಲಿ, ತಲೆ ಎತ್ತದೆ ಕೇಳಿದ: "ಮಾಮ್, ಹೇಝಲ್‌ಗೂ ಅಮ್ಮನಿಗೂ ಇಲ್ಲಿಗೆ ವೀಸಾ ಆಗ್ತದಾ?"

ಆಮೇಲೆ ಸಿಸ್ಟರುಗಳು ಅವನ ಮೊಬೈಲಿಗೆ ಕಳಿಸಿದ್ದ ನಿನ್ನ ಕಾಗದ ತೋರಿಸಿದ. ಅದರಲ್ಲಿದ್ದದ್ದನ್ನೂ ಅವನು ಹೇಳಿದ್ದನ್ನೂ ಸೇರಿಸಿ ನಾನು ಅರ್ಥ ಮಾಡಿಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ಮಳೆಗಾಲದಲ್ಲಿ ಲಾರಿಯಲ್ಲಿ ಬಂದವರು ನಿಮ್ಮ ಕರೆನ್ ಜನರ ಗದ್ದೆಗಳಲ್ಲಿ ಕೆಂಪು ಗೂಟ ಹೊಡೆದರು. ಇನ್ನು ಈ ಭೂಮಿ ನಮ್ಮ ಪಡೆಯದ್ದು, ಹೊರಗಿನ ಕಂಪನಿಯೊಂದು ಇಲ್ಲಿ ದೊಡ್ಡ ಕಟ್ಟಡ ಕಟ್ಟುತ್ತದೆ ಎಂದರು. ಪಕ್ಕದ ಊರಿನ ರಬ್ಬರ್ ಮರಗಳ ಮೇಲೆ ಬುಲ್ಡೋಜರ್ ಹತ್ತಿಸಿದರು. ಗೂಟ ಕಿತ್ತ ಒಬ್ಬನನ್ನು ಎಳೆದುಕೊಂಡು ಹೋಗಿ ಮರಕ್ಕೆ ಕಟ್ಟಿ ಹಾಕಿದರು. ಬಂದೂಕು ಹಿಡಿದವರಲ್ಲಿ ನಿಮ್ಮದೇ ಭಾಷೆಯ ಹುಡುಗರೂ ಇದ್ದಾರೆ ಎಂದು ಟೂ ಲೇಯೇ ಹೇಳಿದ. ಈಗ ಭತ್ತ ಹಣ್ಣಾಗುವ ಹೊತ್ತಿಗೆ ಅವರ ಬಾಯಲ್ಲಿ ಬೆಲ್ಲ ಬಂದಿದೆ. ಕೊಯ್ಯಿರಿ, ಯಾರೂ ತಡೆಯುವುದಿಲ್ಲ, ಪ್ರತಿ ಗದ್ದೆಯಿಂದ ಒಂದು ಪಾಲು ಮಾತ್ರ ನಮ್ಮ ಕ್ಯಾಂಪಿನ ಗೇಟಿಗೆ ತಂದು ಒಪ್ಪಿಸಿ ಎನ್ನುತ್ತಿದ್ದಾರೆ. ಅಂದರೆ ನಮ್ಮ ಊರಿನ ಮಾತಿನಲ್ಲಿ ಗೇಣಿ. "ಕೊಟ್ಟು ಶಾಂತಿಯಿಂದ ಇರುವುದಾ, ಬಿಟ್ಟು ಬರುವುದಾ, ನೀವೇ ಹೇಳಿ ಮಾಮ್" ಎಂದು ಬರೆದಿದ್ದಿ.

ನಿನ್ನ ಅಮ್ಮನಿಗೆ ಫೋನ್ ಮಾಡಿದೆ. ಇಸಾಬೆಲ್ಲಾ ಅಕ್ಕ ಅಳುವುದನ್ನು ನಿಲ್ಲಿಸಿದ್ದೇ ನನ್ನನ್ನು ಬಯ್ಯಲಿಕ್ಕೆ. "ಗದ್ದೆಯೂ ಬೇಡ, ಎಂತದೂ ಬೇಡ, ಮಗಳು ಜೀವಸಹಿತ ಬಂದರೆ ಸಾಕು. ನೀನು ಹೇಳಿದರೆ ಕೇಳ್ತಾಳೆ, ಕೂಡಲೇ ಹೊರಟು ಬಾ ಅಂತ ಬರಿ ಮಾರಾಯ." ಸರಿ, ಬರೆಯುತ್ತೇನೆ ಎಂದೆ. ಇದೋ ಬರೆದೆ, ಮಾತು ಉಳಿಸಿಕೊಂಡೆ. ಖಲಾಸ್. ಇನ್ನು ಮೇಲೆ ಬರೆಯುವುದು ನನ್ನ ಮಾತು.

ನಿನ್ನ ಅಜ್ಜಿ ಕ್ರಿಸ್ತಿನ್ ಬಾಯಿಯನ್ನು ನೀನು ನೋಡಿದ್ದು ಹಾಸಿಗೆಯಲ್ಲಿ. ನಾನು ನೋಡಿದ್ದು ಕೆಸರಿನಲ್ಲಿ. ಉಳುವವನೇ ಒಡೆಯ ಎಂಬ ಕಾನೂನು ಬಂದು, ಗೇಣಿ ಗದ್ದೆಗೆ ನಮ್ಮಮ್ಮ ಅರ್ಜಿ ಹಾಕಿದ್ದ ವರ್ಷ ಅದು. ಕಂಬಳ ಕೋಣದ ಹಾಗಿದ್ದ ಆಳುಗಳನ್ನು ಕೋಲು ಕೊಟ್ಟು ಗದ್ದೆಯ ಬದುವಿನಲ್ಲಿ ನಿಲ್ಲಿಸಿದ ದಣಿ, ಹಿಂದಿನಿಂದ ಸ್ವತಃ ಬಂದರು. ಬಯ್ಯಲಿಲ್ಲ. ಅವರ ಬಾಯಲ್ಲೂ ಇದೇ ಬೆಲ್ಲ: "ಕೊಯ್ಯಿ ಕ್ರಿಸ್ತಿನ್, ಯಾರು ಬೇಡ ಹೇಳಿದ್ದು? ಕೊಯ್ದು ಕೂಲಿ ತೆಗೊಂಡು ಹೋಗು." ಒಂದು ಸೇರು ಕೂಲಿ ತೆಗೆದುಕೊಂಡಿದ್ದರೂ ನಾಳೆ ಟ್ರಿಬ್ಯೂನಲ್ ಮುಂದೆ ಅವರು, ಇವಳು ಒಕ್ಕಲು ಅಲ್ಲ, ಕೂಲಿಯಾಳು ಎನ್ನುತ್ತಿದ್ದರು. ಅಮ್ಮ ಸೀದಾ ಇಗರ್ಜಿಗೆ ಹೋಗಿ, ಈ ಸಲದ ಮೊಂತಿ ಫೆಸ್ತಿಗೆ ಹೊಸ ತೆನೆ ನನ್ನ ಗದ್ದೆಯಿಂದಲೇ ಬರಬೇಕು ಎಂದು ಪಾದ್ರಿಗಳ ಎದುರು ಕೂತುಬಿಟ್ಟಳು. ಸೆಪ್ಟೆಂಬರ್ ಎಂಟನೇ ತಾರೀಕು ಬೆಳಿಗ್ಗೆ ಬ್ಯಾಂಡು, ಹೂವಿನ ತಟ್ಟೆ ಹಿಡಿದ ಮಕ್ಕಳು, ಬಿಳಿ ನಿಲುವಂಗಿಯ ಪಾದ್ರಿಗಳು, ಹಿಂದೆ ಇಡೀ ಊರು ಗದ್ದೆಗೆ ಇಳಿಯಿತು. ಎಲ್ಲರಿಗಿಂತ ಮುಂದೆ ನಾನು. (ನಾನು ಅಮ್ಮನ ಸೀರೆಯ ಹಿಂದೆ ಅಡಗಿದ್ದೆ ಎಂದು ನಿನ್ನ ಅಮ್ಮ ಹೇಳುತ್ತಾಳೆ. ಅಮ್ಮನೇ ಎಲ್ಲರಿಗಿಂತ ಮುಂದಿದ್ದದ್ದು, ಆದ್ದರಿಂದ ನನ್ನ ಲೆಕ್ಕವೂ ಸರಿಯೇ.) ಮಾತೆಯ ಹಬ್ಬದ ತೆನೆಗೆ ಕೋಲು ಎತ್ತುವುದು ಹೇಗೆ? ಆಳುಗಳು ಬದಿಗೆ ಸರಿದರು. ಆ ತೆನೆ ಮನೆಮನೆಗೆ ಹೋಯಿತು, ಪಾಯಸಕ್ಕೆ ಬಿತ್ತು, ನೆರೆಯ ಶೆಟ್ಟರೂ ಬ್ಯಾರಿಗಳೂ ಉಂಡರು, ದಣಿಗಳ ಗುಮಾಸ್ತನೂ ಬೆರಳು ನೆಕ್ಕಿದ. ಟ್ರಿಬ್ಯೂನಲ್ ಕೂತಾಗ ಕೇಳಿದ್ದು ಒಂದೇ: ಆ ಗದ್ದೆಯಲ್ಲಿ ಬೆಳೆದದ್ದು ಯಾರು? ಉಂಡವರೆಲ್ಲ ಸಾಲಾಗಿ ನಿಂತು ಕ್ರಿಸ್ತಿನ್ ಎಂದರು. ಗುಮಾಸ್ತ ಕೆಮ್ಮಿದ, ಅಷ್ಟೇ. ಗದ್ದೆ ಅಮ್ಮನ ಹೆಸರಿಗಾಯಿತು.

ಇದನ್ನು ಟೂ ಲೇಗೆ ಹೇಳಿದೆ. ನಿಮ್ಮಲ್ಲಿಯೂ ಹೊಸ ಅಕ್ಕಿಯನ್ನು ಯಾರೂ ಒಬ್ಬರೇ ಉಣ್ಣುವುದಿಲ್ಲ, ಮೊದಲು ಊರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಎಂದ. ಹಾಗಾದರೆ ಇನ್ನೇನು ಬೇಕು ಬಾಯೆ? ಈ ಸಲದ ಹೊಸ ಅಕ್ಕಿ ನಿನ್ನ ಅತ್ತೆಯ ಗದ್ದೆಯಿಂದಲೇ ಬರಲಿ. ಓಡಿಹೋಗಿ ನದಿಯಾಚೆ ಕೂತವರನ್ನೂ ಕರೆಸು, ಪಾಸ್ಟರನ್ನೂ ಭಿಕ್ಷುವನ್ನೂ ಕರೆ. ಬಂದೂಕು ಹಿಡಿದ ಹುಡುಗರ ಅಮ್ಮಂದಿರು ಊರಿನಲ್ಲೇ ಇದ್ದಾರಲ್ಲ, ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸು. ಗೇಟಿಗೆ ಮಾತ್ರ ಒಂದು ಕಾಳೂ ಹೋಗಬಾರದು. ಒಮ್ಮೆ ಗೇಣಿ ಕೊಟ್ಟೆ ಎಂದರೆ ಅವರು ಒಡೆಯರು, ನಿನ್ನ ಅತ್ತೆ ಒಕ್ಕಲು. ಮುಂದಿನ ವರ್ಷ ಏಳಿ ಎಂದರೆ ಏಳಬೇಕು. ಅತ್ತೆ ಹೇಳಿದ ಮಾತನ್ನು ಟೂ ಲೇ ನನಗೆ ಹೇಳಿದ: "ಗದ್ದೆ ಅವರದ್ದಾದರೆ ಬಂದು ಕಳೆ ಕೀಳಲಿ, ನೋಡುವ." ನಾನು ಎದ್ದು ನಿಂತು ಸೆಲ್ಯೂಟ್ ಹೊಡೆದೆ. ಇಂಥ ಬೀಗಿತ್ತಿ ನಮಗೆ ಸಿಕ್ಕಿದ್ದು ಪುಣ್ಯ.

ಕೋಲಿಗೂ ಬಂದೂಕಿಗೂ ಇರುವ ವ್ಯತ್ಯಾಸ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ನಮಗೆ ಟ್ರಿಬ್ಯೂನಲ್ ಇತ್ತು, ನಿಮಗೆ ಅದೂ ಇಲ್ಲ. ಏಸಿಯ ಕೆಳಗೆ ಕೂತು ಧೈರ್ಯ ಹೇಳುವುದು ಸುಲಭ. ಇದನ್ನು ಬರೆಯುವ ಮೊದಲು ಮೂರು ಹಾಳೆ ಹರಿದು ಹಾಕಿದ್ದೇನೆ, ವನೆಸ್ಸಾಳಿಗೆ ಹೇಳಬೇಡ. ಒಬ್ಬಳೇ ಗದ್ದೆಗೆ ಇಳಿಯಬೇಡ, ಗೂಟ ಮುಟ್ಟಬೇಡ, ಬಯ್ಯಬೇಡ. ಎಲ್ಲರೂ ಇಳಿದಾಗ ಇಳಿ. ಗುಂಡು ಹಾರಿದರೆ ಅತ್ತೆಯನ್ನು ಎತ್ತಿಕೊಂಡು ನದಿ ದಾಟು, ಪುನಃ ಹೋಗುವ ದಾರಿ ಆಮೇಲೆ ಹುಡುಕುವ. ಓಡುವುದು ಬೇರೆ, ಒಪ್ಪಿ ತಲೆ ಬಗ್ಗಿಸುವುದು ಬೇರೆ. ಕ್ರಿಸ್ತಿನ್ ಬಾಯಿಯ ಮೊಮ್ಮಗಳಿಗೆ ಎರಡನೆಯದು ಗೊತ್ತಿರಬಾರದು.

ವೀಸಾದ ಬಗ್ಗೆಯೂ ಕೇಳಿದೆ, ನಿನ್ನ ಗಂಡ ಕೇಳಿದ ಮೇಲೆ ಕೇಳದೆ ಇರಲಾಗುತ್ತದಾ? "ಯಲ್ಲಾ, ನಿನ್ನ ಮನೆಯವರೆಂದರೆ ನನ್ನ ಮನೆಯವರು" ಎಂದು ಮಹಮೂದ್ ಒಪ್ಪಿಕೊಂಡ. ಹಡಗಿನವರಿಗೆ ಅಕ್ಕಿ ತೂಗುವ ಕೆಲಸ ಟೂ ಲೇಗೆ, ನಿನಗೆ ಕ್ಲಿನಿಕ್ಕಿನಲ್ಲಿ. ನಿನ್ನೆ ಪುನಃ ಊಟಕ್ಕೆ ಬಂದಾಗ ಅದನ್ನು ಹೇಳಿದರೆ ನಿನ್ನ ಗಂಡ ಸಂತೋಷ ಪಡಲಿಲ್ಲ. ಬಟ್ಟಲು ತೊಳೆದಿಟ್ಟು, "ಆ ವರ್ಷ ನಿಮ್ಮ ಅಮ್ಮ ಕೊನೆಗೂ ಕೂಲಿ ತೆಗೊಂಡಿದ್ದಾರಾ?" ಎಂದು ಕೇಳಿದ. ಇಲ್ಲ ಎಂದೆ. ಕೈ ಒರೆಸಿಕೊಂಡು ಹಡಗಿಗೆ ಹೋದ.

ಅತ್ತೆಯವರಿಗೆ ನನ್ನ ಎರಡೂ ಕೈ ಜೋಡಿಸಿದ ನಮಸ್ಕಾರ. ಮಾತ್ರೆ ತಪ್ಪಿಸಬೇಡ. ಸಣ್ಣವಳಿರುವಾಗ ದಿನಾ ಸಂಜೆ ಓಡಿ ಬಂದು ಆಶೀರ್ವಾದಕ್ಕೆ ಬೆಸಾಂವ್ ಕೇಳುತ್ತಿದ್ದಿ, ನಾನು ಚಾಕಲೇಟು ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಕೇಳದೆಯೇ ಕೊಡುತ್ತೇನೆ: ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿನ್ನ,
ಆಸ್ವಾಲ್ಡ್ ಮಾಮ್

ತಾ.ಕ.: ಫೋಟೋ ತೆಗೆಯಲಿಕ್ಕೆ ಕೂತಾಗ ಬಾಗಿಲು ತಟ್ಟಿದ ಶಬ್ದ. ಬ್ಯಾಗ್ ಸಮೇತ ಟೂ ಲೇ! ಕ್ಯಾಪ್ಟನ್ ಹತ್ತಿರ ಮಾತಾಡಿ ಹಡಗಿನಿಂದ ಇಳಿದುಬಿಟ್ಟಿದ್ದಾನೆ, ವೀಸಾ ಬೇಡವಂತೆ. ನಾಳಿದ್ದಿನ ವಿಮಾನಕ್ಕೆ ಬ್ಯಾಂಕಾಕ್, ಅಲ್ಲಿಂದ ನದಿ. ಕೊಯ್ಲಿಗೆ ಅವನಿರುತ್ತಾನೆ. ತಾನೇ ಬಂದು ನಿನ್ನ ಎದುರು ನಿಲ್ಲಬೇಕೆಂದು ಆಸೆ, ನಿನಗೆ ಮೊದಲೇ ಹೇಳಬಾರದೆಂದು ನನ್ನಿಂದ ಆಣೆಯನ್ನೂ ಹಾಕಿಸಿಕೊಂಡ. ಇಂಥ ಸುದ್ದಿ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತದಾ? ಅವನು ಬಂದಾಗ ಏನೂ ಗೊತ್ತಿಲ್ಲದವಳಂತೆ ಸ್ವಲ್ಪ ಕಿರುಚು. ಇಷ್ಟು ವರ್ಷ ಇಂಜಿನ್ ತಿರುಗಿಸಿದ ಕೈ ಅದು, ಕುಡುಗೋಲು ಹಿಡಿಯುವುದನ್ನು ಅತ್ತೆಯೇ ಪುನಃ ಕಲಿಸಲಿ.