ಮೇಷ್ಟ್ರು ನಕ್ಕ ಸಾಲು

ಉಡುಮಲೈಪೇಟೆ, ೧೪ ಆಗಸ್ಟ್ ೧೯೩೬, ಶುಕ್ರವಾರ

ನನ್ನ ಬಾಲ್ಯದ ಬಗ್ಗೆ ಬರೆದ ಬರಹ ಅಚ್ಚಾಗಬೇಕಾದರೆ ಶಾಲೆಯ ಮೇಷ್ಟ್ರು ನಕ್ಕರೆಂಬ ಸಾಲನ್ನು ತೆಗೆಯಬೇಕಂತೆ. ಮೈಸೂರಿನ ಪತ್ರಿಕೆಯ ಸಂಪಾದಕರು ಹೀಗೆ ಹೇಳಿದರೆಂದು ಭಾವ ಲಿಂಗಸಾಮಿ ಬಂದು ತಿಳಿಸಿದರು. ಗುರುಗಳನ್ನು ದೂರಿದರೆ ಓದುಗರು ನಂಬುವುದಿಲ್ಲವಂತೆ. ನನಗೆ ಸಿಡುಬು ಎದ್ದ ಭಾಗಕ್ಕೆ ಇನ್ನಷ್ಟು ಕಣ್ಣೀರು ಸೇರಿಸಬೇಕಂತೆ.

ಎಲ್ಲಿಂದ ಸೇರಿಸಲಿ? ಮಾರಿಯಮ್ಮ ಮನೆಗೆ ಬಂದಿರುವಾಗ ಅಳಬಾರದು. ಮಗ್ಗ ನಿಲ್ಲಿಸಿದೆವು, ಬೇವು ಕಟ್ಟಿದೆವು. ಯಾರೂ ಅಳಲಿಲ್ಲ.

ಅವ್ವನಿಗೆ ಕನ್ನಡ ಓದಲು ಬಾರದು. ಸಂಜೆ ನಾನೇ ಓದಿ ಹೇಳಿದೆ. ಸಿಡುಬಿನ ಭಾಗ ಮುಗಿಯುವವರೆಗೂ ರಾಟೆ ತಿರುಗಿಸುತ್ತಲೇ ಇದ್ದಳು. "ಮಾರಿಯಮ್ಮ ಎಲ್ಲಾರ ಮನೆಗೂ ಬಂದವಳೇ ತಾನೇ, ಮುಂದಕ್ಕೆ ಓದು" ಅಂದಳು.

ಓದಿದೆ. ಕಲೆಬಿದ್ದ ನನ್ನ ಮುಖ ನೋಡಿ ಹುಡುಗರು "ಸಲ್ಲಡೆ, ಸಲ್ಲಡೆ, ಹಿಟ್ಟು ಜರಡಿ ಹಿಡಿ" ಎಂದು, ತೂತುತೂತಾದ ಜರಡಿಗೆ ಹೋಲಿಸಿ, ಕೂಗಿದರು. ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು.

ರಾಟೆ ನಿಂತಿತು.

"ವಾತ್ಯಾರೂ ನಕ್ಕನಾ? ಆಗಲೇ ನನಗ್ಯಾಕೆ ಹೇಳಲಿಲ್ಲ, ನನ್ನ ಕಣ್ಣು?"

ನಿಜವಾ ಎಂದು ಅವಳು ಕೇಳಲಿಲ್ಲ. ಅವಳು ಕಂಡದ್ದು ಸಿಡುಬು, ಕಾಣದೇ ಇದ್ದದ್ದು ಆ ನಗು. ಆದರೂ ನಂಬಿದಳು. ಆ ಸಾಲುಗಳಲ್ಲಿ ನಾನು ದುಃಖ ಎಂಬ ಪದವನ್ನೇ ಬರೆದಿಲ್ಲ, ಕಂಡದ್ದನ್ನು ಬರೆದಿದ್ದೇನೆ. ಸಂಪಾದಕರು ಹೆದರಿದ್ದೂ ಅದಕ್ಕೇ ಇರಬೇಕು. ಓದುಗರು ನಂಬಿಬಿಡುತ್ತಾರೆಂಬ ಭಯವಿಲ್ಲದಿದ್ದರೆ ತೆಗೆಯಲು ಹೇಳುತ್ತಿರಲಿಲ್ಲ.

ಅಚ್ಚಾಗದಿದ್ದರೆ ಬೇಡ. ಒಂದಕ್ಷರವನ್ನೂ ಬದಲಿಸಿಲ್ಲ. ಬರಹವನ್ನು ಹಾಗೆಯೇ ಸೋಮವಾರದ ಟಪಾಲಿಗೆ ಹಾಕುತ್ತೇನೆ.