ಮಾದರಿ ಮನೆಯ ಉಳಿತಾಯ

ವಿದ್ಯುತ್ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಾನು ಹತ್ತನೇ ತರಗತಿ ಓದಿದವಳು, ಐದು ಮಕ್ಕಳನ್ನು ದಡ ಸೇರಿಸಿದವಳು, ನಲವತ್ತಾರು ವರ್ಷಗಳಿಂದ ಈ ಮನೆಯ ಯಜಮಾನಿ. ಪ್ರೀಪೇಯ್ಡ್ ಮೀಟರ್ ಬಂದ ಮೇಲೆ ಕರೆಂಟಿನ ಬಳಕೆಯನ್ನು ಅರ್ಧಕ್ಕಿಳಿಸಿದ ‘ಮಾದರಿ ಮನೆ’ ಎಂದು ನಮಗೆ ಪ್ರಶಸ್ತಿಪತ್ರ ಕಳಿಸಿದ್ದೀರಿ. ಅದು ನನಗೆ ಬೇಡ. ಯಾಕೆಂದು ಊರಿಗೆಲ್ಲ ತಿಳಿಯಲೆಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಬಸ್ ಡ್ರೈವರ್ ಆಗಿದ್ದವರು. ಲಕ್ವ ಹೊಡೆದು ಹಾಸಿಗೆ ಹಿಡಿದರು. ಬೆನ್ನು ಹುಣ್ಣಾಗಬಾರದೆಂದು ಡಾಕ್ಟರು ಗಾಳಿಹಾಸಿಗೆ ಹಾಕಿಸಿದರು. ಅದರ ಪುಟ್ಟ ಪಂಪು ಸದಾ ಓಡುತ್ತಿರಬೇಕು. ನಿಮ್ಮ ಮೀಟರಿನ ಜೊತೆ, ಎಷ್ಟು ಯೂನಿಟ್ ಉಳಿದಿದೆಯೆಂದು ತೋರಿಸುವ ಕೆಂಪಂಕಿಯ ಪೆಟ್ಟಿಗೆಯೂ ಬಂತು. “ಎಲ್ರಿಗೂ ಕಾಣೋ ಕಡೆ ಇರ್ಬೇಕಮ್ಮ, ರೂಲು,” ಎಂದ ನಿಮ್ಮ ಲೈನ್‌ಮನ್. ಮಂಚದೆದುರಿನ ಗೋಡೆ ತೋರಿಸಿದವಳು ನಾನೇ.

“ನಿನ್ನ ಸವತಿ ಕಣ್ಣು ಕೆಂಪಗೆ ಮಾಡ್ಕೊಂಡು ನನ್ನನ್ನೇ ನೋಡ್ತಾಳೆ ಕಣೇ,” ಎನ್ನುತ್ತಿದ್ದರು ಇವರು. ನಾನೂ ನಕ್ಕೆ.

ಮುಂಚೆಯೇ ದುಡ್ಡು ಕಟ್ಟಿ, ಅಂಕಿ ಸೊನ್ನೆಯಾಗಲು ಒಂದು ದಿನವೂ ನಾನು ಬಿಡಲಿಲ್ಲ. ಆದರೆ ಇವರು ಮೂವತ್ತು ವರ್ಷ ಸಿಗ್ನಲ್ ಸಿಗ್ನಲ್‌ಗೂ ಎಂಜಿನ್ ಆರಿಸಿ, ಡೀಸೆಲ್ ಉಳಿಸಿದ್ದಕ್ಕೆ ಪದಕ ಪಡೆದವರು. ಟೀವಿ ಬೇಡವೆಂದರು, ಫ್ಯಾನು ಬೇಡವೆಂದರು. ಅದು ನನಗೆ ಗೊತ್ತಿತ್ತು. ನಾನು ಅಡುಗೆಮನೆಗೆ ಹೋದ ಕೂಡಲೇ ಸೊಸೆಗೆ ಹೇಳಿ ಪಂಪನ್ನೂ ಆರಿಸುತ್ತಿದ್ದುದು, ನನ್ನ ಹೆಜ್ಜೆ ಕೇಳಿದರೆ ಮತ್ತೆ ಹಾಕಿಸುತ್ತಿದ್ದುದು ಗೊತ್ತಿರಲಿಲ್ಲ.

ಬೆನ್ನು ಕಪ್ಪಗಾದ ದಿನ ಸೊಸೆ ಬಾಯಿಬಿಟ್ಟಳು. “ಮಾವ ಆಣೆ ಹಾಕಿಸ್ಕೊಂಡಿದ್ರು ಅತ್ತೆ. ನಿಂತ ಗಾಡಿಗೆ ಎಂಜಿನ್ ಯಾಕಮ್ಮ, ಅಂತಿದ್ರು.”

ಹುಣ್ಣು ನಂಜಾಗಿ ಹದಿನೆಂಟನೇ ದಿನ ಹೋದರು. ಸೊಸೆಯನ್ನು ನಾನು ಬೈಯಲಿಲ್ಲ. ಅಳಲೂ ಇಲ್ಲ. ಮರುವಾರ ನಿಮ್ಮ ಪ್ರಶಸ್ತಿಪತ್ರ ಬಂತು, ಚೆನ್ನಾಗಿ ಫ್ರೇಮು ಹಾಕಿಸಿದ್ದೀರಿ.

ಮೀಟರಿಗೆ ಪೋಲೂ ಪ್ರಾಣವೂ ಒಂದೇ, ಅದು ಯಂತ್ರ. ನಿಮಗೂ ಅಷ್ಟೇ ಲೆಕ್ಕ ಬರುವುದೇ? ಬಳಕೆ ಅರ್ಧಕ್ಕಿಳಿದ ಮನೆಯಲ್ಲಿ ಆರಿದ್ದೇನೆಂದು ಬಾಗಿಲು ತಟ್ಟಿ ಕೇಳುವವರು ನಿಮ್ಮಲ್ಲಿ ಒಬ್ಬರೂ ಇರಲಿಲ್ಲವೇ? ಹಾಸಿಗೆ ಹಿಡಿದವರಿರುವ ಮನೆಗಳಿಗೆ ಹಳೆಯ ಮೀಟರನ್ನೇ ಹಾಕಿಸಿ. ನಿಮ್ಮ ಮಾದರಿ ಪಟ್ಟಿಯಿಂದ ನಮ್ಮನ್ನು ತೆಗೆಯಿರಿ.

ತೆಗೆಯದಿದ್ದರೂ ಚಿಂತೆಯಿಲ್ಲ. ಪ್ರಶಸ್ತಿಪತ್ರ ಬಂದ ದಿನವೇ ಪಂಪಿನ ಸ್ವಿಚ್ ಹಾಕಿದ್ದೇನೆ. ಖಾಲಿ ಹಾಸಿಗೆ ಏರುತ್ತದೆ, ಇಳಿಯುತ್ತದೆ. ಅದನ್ನು ಆರಿಸುವವರು ಈಗ ಈ ಮನೆಯಲ್ಲಿಲ್ಲ.

ಇಂತಿ,
ಅಂಕಿ ಸೊನ್ನೆಯಾಗಲು ಒಮ್ಮೆಯೂ ಬಿಡದ
ಮಾದರಿ ಮನೆಯ ಯಜಮಾನಿ