ನಮ್ಮ ಡೇರೆ ಗೆಡ್ಡೆಗಳನ್ನು ಕಸದ ಲಾರಿಗೆ ಸುರಿಸಿದ ಉದ್ಯಾನಾಧಿಕಾರಿಗೆ

ಮಾನ್ಯ ಉದ್ಯಾನಾಧಿಕಾರಿಗಳೇ,

‘ಮಾನ್ಯ’ ಎಂದು ಬರೆದದ್ದು ಅಭ್ಯಾಸಬಲದಿಂದ, ಹಿಗ್ಗಬೇಡಿ. ಕಳೆದ ಗುರುವಾರ ಬೆಳಿಗ್ಗೆ ತಾವು ಉದ್ಯಾನದ ಮೂಲೆಯಲ್ಲಿರುವ ನಮ್ಮ ತೋಟಗಾರಿಕಾ ಸಂಘದ ಸಲಕರಣೆ ಕೋಣೆಯ ಬೀಗ ಒಡೆಸಿ, ಹನ್ನೆರಡು ಪೆಟ್ಟಿಗೆ ಡೇರೆ ಹೂವಿನ ಗೆಡ್ಡೆಗಳನ್ನು ಕಸದ ಲಾರಿಗೆ ಸುರಿಸಿದಿರಿ. ಅದರಲ್ಲೊಂದು ಪೆಟ್ಟಿಗೆ ನನ್ನ ಅಕ್ಕನ ಒಂಬತ್ತು ವರ್ಷದ ಬದುಕು. ಇದು ಮನವಿ ಪತ್ರವಲ್ಲ, ಬಹಿರಂಗ ಪತ್ರ. ತಮ್ಮ ಕಚೇರಿಗೆ ಮನವಿ ಕೊಟ್ಟು ಕೊಟ್ಟು ನನ್ನ ಕೈ ಸೋತಿದೆ, ಸಿಟ್ಟು ಮಾತ್ರ ಸೋತಿಲ್ಲ.

ತಮ್ಮ ಹುದ್ದೆಯ ಹೆಸರಿನಲ್ಲೇ ಉದ್ಯಾನವಿದೆ. ಆದರೂ ಎಲೆ ಉದುರುವ ಕಾಲದಲ್ಲಿ ತೋಟದವರು ಏನು ಮಾಡುತ್ತಾರೆಂದು ತಮಗೆ ಹೇಳಿಕೊಡಬೇಕಾಗಿ ಬಂದದ್ದು ನನ್ನ ಕರ್ಮ. ಬಿದ್ದ ಎಲೆಗಳನ್ನು ಗುಡಿಸಿ ಗೊಬ್ಬರಕ್ಕೆ ಒಟ್ಟುತ್ತೇವೆ. ಬೀಜ ಆರಿಸಿ ಹಳೆಯ ಲಕೋಟೆಗಳಲ್ಲಿ ತುಂಬುತ್ತೇವೆ. ಕತ್ತರಿ, ಸಲಿಕೆಗಳ ತುಕ್ಕು ತಿಕ್ಕಿ ಎಣ್ಣೆ ಹಚ್ಚುತ್ತೇವೆ. ಚಳಿ ಕೊರೆಯುವ ಈ ಊರಿನಲ್ಲಿ ಮೊದಲ ಹಿಮಕ್ಕೆ ಡೇರೆಯ ಎಲೆ ಕಪ್ಪಾದ ಕೂಡಲೇ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಗೆಡ್ಡೆ ಕಿತ್ತು, ತಲೆಕೆಳಗಾಗಿ ಒಣಗಿಸಿ, ಒಣ ಮರಳಿನಲ್ಲಿ ಮಲಗಿಸುತ್ತೇವೆ. ಆಗ ಅವು ನೋಡಲು ಸುಕ್ಕುಗಟ್ಟಿದ ಗೆಣಸಿನಂತಿರುತ್ತವೆ, ಒಪ್ಪುತ್ತೇನೆ. ಆದರೆ ನೋಡಲು ಚೆನ್ನಾಗಿಲ್ಲದವರನ್ನೆಲ್ಲ ಲಾರಿಗೆ ಹಾಕುವುದಾದರೆ, ತಮ್ಮ ಕಚೇರಿಯಲ್ಲಿ ಎಷ್ಟು ಜನ ಉಳಿದಾರು?

ಅಕ್ಕ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವಳು. ಸೂಜಿ ಹಿಡಿದ ಬೆರಳುಗಳು ಈಗ ಸೊಟ್ಟಗಾಗಿವೆ. ಒಂಬತ್ತು ವರ್ಷದ ಹಿಂದೆ ಬೀಜದಿಂದ ಹೊಸ ಡೇರೆ ತಳಿ ಎಬ್ಬಿಸುತ್ತೇನೆಂದು ಹಟ ಹಿಡಿದಳು. ಪ್ರತಿ ವರ್ಷ ನೂರು ಸಸಿ ಬೆಳೆಸಿ ತೊಂಬತ್ತೊಂಬತ್ತನ್ನು ಕಿತ್ತೆಸೆದಳು. ಕೊನೆಗೆ ಒಂದು ಗಿಡ ಒಲೆಯ ಕೆಂಡದ ಮೇಲೆ ಬೂದಿ ಕೂತಂಥ ಬಣ್ಣದ ಹೂ ಬಿಟ್ಟಿತು. ಅಂಥದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಅದರ ನಾಲ್ಕು ಗೊಂಚಲು ಗೆಡ್ಡೆಗಳು ಆ ಪೆಟ್ಟಿಗೆಯಲ್ಲಿದ್ದವು. ಇನ್ನು ಬೀಜದಿಂದ ಶುರುಮಾಡಲು ಅವಳಿಗೆ ಬೆರಳೂ ಇಲ್ಲ, ಒಂಬತ್ತು ವರ್ಷವೂ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆಗೊಂದು ಮೇಜು, ಕುರ್ಚಿ ಇರುವುದನ್ನು ಈಗ ಕಂಡೆ.

ಕೋಣೆಯ ಬೀಗದ ಕೈ ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಬಳಿ ಇರುತ್ತದೆ. ಇದು ತಮ್ಮ ಕಚೇರಿಗೆ ಗೊತ್ತಿದ್ದ ಸಂಗತಿ. ಸುತ್ತಿಗೆ ಸದ್ದು ಕೇಳಿ ಅವರು ಬರಿಗಾಲಲ್ಲಿ ಓಡಿ ಬಂದರು. “ತಡೀರಿ ಸ್ವಾಮಿ, ಕೀ ತಂದಿದೀನಿ!” ಎಂದು ಕೂಗಿದರು. ತಮ್ಮ ಮೇಸ್ತ್ರಿ ಕೊಟ್ಟ ಉತ್ತರ ಇದು: “ಸಾಹೇಬ್ರು ಒಡೀರಿ ಅಂದಿದಾರೆ, ತೆಗೀರಿ ಅಂದಿಲ್ಲ.” ಮಾರನೆಯ ದಿನ ಮೇಲಿನವರು ಪರಿಶೀಲನೆಗೆ ಬಂದು, ಖಾಲಿ ಕೋಣೆ ನೋಡಿ, ಚೊಕ್ಕಟವಾಗಿದೆಯೆಂದು ತಮ್ಮ ಬೆನ್ನು ತಟ್ಟಿ ಹೋದರಂತೆ. ಅಭಿನಂದನೆಗಳು.

ನಾನು ದೂರು ಹೊತ್ತು ಬಂದಾಗ ತಾವು ತಲೆ ಎತ್ತದೆ ಹೇಳಿದಿರಿ: “ಪೆಟ್ಟಿಗೆ ಮೇಲೆ ನೀವೇ ‘ಕಸ’ ಅಂತ ಬರ್ದಿದೀರಲ್ಲಮ್ಮ. ನಾವೇನು ಜ್ಯೋತಿಷ್ಯ ಕೇಳ್ಬೇಕಿತ್ತಾ?”

ಹೌದು, ಬರೆದಿದ್ದೆ. ಊರೆಲ್ಲ ಓದಲಿ ಎಂದೇ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಹೋದ ವರ್ಷ ಬಹುಮಾನ ಬಂದ ತಳಿಗಳ ಹೆಸರನ್ನು ಅಂದವಾಗಿ ಬರೆದಿಟ್ಟ ಎರಡು ಪೆಟ್ಟಿಗೆ ಕಳುವಾದವು. ಹೂವಿನವರಲ್ಲೂ ಕಳ್ಳರಿದ್ದಾರೆ, ಅವರು ಚೀಟಿ ಓದಿಯೇ ಕದಿಯುತ್ತಾರೆ. ಹಾಗಾಗಿ ಅಕ್ಕನ ಪೆಟ್ಟಿಗೆಗೆ ನಾನೇ ದಪ್ಪ ಮಸಿಯಲ್ಲಿ ‘ಕಸ’ ಎಂದು ಬರೆದೆ. ಕಳ್ಳನಿಗೆ ಚಳ್ಳೆಹಣ್ಣು ತಿನ್ನಿಸಿದೆನೆಂದು ಎರಡು ದಿನ ಬೀಗಿದೆ ಕೂಡ. ಕಳ್ಳರು ನನ್ನ ಲೆಕ್ಕದಲ್ಲಿದ್ದರು. ತಾವು ಇರಲಿಲ್ಲ. ಅಷ್ಟೇ ನನ್ನ ತಪ್ಪು. ಆದರೆ ಉಳಿದ ಹನ್ನೊಂದು ಪೆಟ್ಟಿಗೆಗಳ ಮೇಲೆ ತಳಿಯ ಹೆಸರು, ಬಣ್ಣ, ಎತ್ತರ ಎಲ್ಲ ಇತ್ತಲ್ಲ? ಒಂದೇ ಪೆಟ್ಟಿಗೆಯನ್ನು ಓದಬಲ್ಲ ಕಣ್ಣು ಇನ್ನು ಹನ್ನೊಂದಕ್ಕೆ ಯಾಕೆ ಕುರುಡಾಯಿತು? ‘ಕಸ’ ಎಂಬ ಚೀಟಿ ಸಿಕ್ಕಿದ್ದು ಲಾರಿ ತುಂಬಿದ ಮೇಲೆ, ನೆಪ ಹುಡುಕುವಾಗ. ಇಲ್ಲವೆಂದು ಎದೆ ಮುಟ್ಟಿ ಹೇಳಿ ನೋಡೋಣ.

ಅಕ್ಕನಿಗೆ ವಿಷಯ ಹೇಳಿದ್ದು ನಾನೇ. ಅವಳು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. “ಬೀಗ ಒಡ್ದೋನು ಅವ್ನು. ಕಸ ಅಂತ ಬರ್ದೋಳು ನೀನು. ನನ್ ಗೆಡ್ಡೆ ತಗೊಂಡ್ ಬಾ, ಆಮೇಲೆ ಮಾತು,” ಎಂದು ಬಾಗಿಲು ಹಾಕಿದಳು. ಅಂದಿನಿಂದ ಭಾವ ಹಿತ್ತಲ ಕಿಟಕಿಯಲ್ಲಿ ನಿಂತು ಅವಳ ಕ್ಷೇಮ ಹೇಳುತ್ತಾರೆ, ಅದೂ ಪಿಸುದನಿಯಲ್ಲಿ. ಅರವತ್ತೆರಡು ವರ್ಷದಲ್ಲಿ ನಾವಿಬ್ಬರೂ ಒಂದು ದಿನವೂ ಮಾತು ಬಿಟ್ಟವರಲ್ಲ. ತಾವು ಲಾರಿಗೆ ಹಾಕಿದ್ದರಲ್ಲಿ ಅದೂ ಇತ್ತು.

ಈಗ ತಮಗೆ ಒಂದು ನೆನಪು ಮಾಡಿಕೊಡುತ್ತೇನೆ. ಹೋದ ವರ್ಷದ ಪ್ರದರ್ಶನದಲ್ಲಿ ತಾವು ಅಕ್ಕನ ಈ ಹೂವಿನ ಪಕ್ಕ ಫೋಟೋ ತೆಗೆಸಿಕೊಂಡು, “ನಮ್ಮನೆಗೂ ಒಂದು ಕೊಡೀಮ್ಮಾ” ಎಂದು ಹಲ್ಲು ಕಿರಿದಿರಿ. ಅಕ್ಕ ಪಾಪ, ಅಧಿಕಾರಿಗಳು ಕೇಳಿದರೆಂದು ಕರಗಿ ವಸಂತದಲ್ಲಿ ಒಂದೇ ಒಂದು ಗೆಡ್ಡೆ ಕೊಟ್ಟಳು. ನಿನ್ನೆ ತಮ್ಮ ಮನೆಯ ಮುಂದೆ ಹಾದು ಬಂದೆ. ಬೇಲಿಯ ಪಕ್ಕ, ಕಾರು ನಿಲ್ಲಿಸುವ ಕಡೆ, ಆ ಗಿಡ ಕಪ್ಪಾಗಿ ನಿಂತಿದೆ. ಕೀಳಬೇಕೆಂಬ ತಿಳಿವಳಿಕೆ ತಮಗಿಲ್ಲದ್ದು ಇದೊಂದು ಸಲ ಒಳ್ಳೆಯದೇ ಆಯಿತು. ಇನ್ನು ಹತ್ತು ದಿನಕ್ಕೆ ಮಣ್ಣು ಹೆಪ್ಪುಗಟ್ಟುತ್ತದೆ, ಆಮೇಲೆ ಅದೂ ಕೊಳೆಯುತ್ತದೆ.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಸಂಘದಲ್ಲಿ ಹೊಸಬರಿಗೆ ‘ಗೆಡ್ಡೆ ಕೀಳುವ ಪ್ರಾತ್ಯಕ್ಷಿಕೆ’ ಇದೆ. ನಮ್ಮಲ್ಲಿ ಕೀಳಲು ಏನೂ ಉಳಿದಿಲ್ಲವಾದ್ದರಿಂದ ಸ್ಥಳ ಬದಲಾಗಿದೆ: ತಮ್ಮ ಮನೆಯಂಗಳ. ಭಿತ್ತಿಪತ್ರ ಈಗಾಗಲೇ ಮಾರುಕಟ್ಟೆ, ಗ್ರಂಥಾಲಯ, ತಮ್ಮ ಕಚೇರಿಯ ಗೇಟು ಎಲ್ಲೆಡೆ ಅಂಟಿದೆ. ನಲವತ್ತೊಂದು ಮಂದಿ ಸದಸ್ಯರು ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ. ಕೀಳುವವರು ತಾವೇ: ಮೇಸ್ತ್ರಿಯಲ್ಲ, ಮಾಲಿಯಲ್ಲ. ಮೊಣಕಾಲೂರಿ, ಬರಿಗೈಯಲ್ಲಿ ಮಣ್ಣು ಬಿಡಿಸಬೇಕು. ಅಕ್ಕ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ. ಬರುವುದಾಗಿ ಭಾವನ ಕೈಯಲ್ಲಿ ಹೇಳಿಕಳಿಸಿದ್ದಾಳೆ. ಚಿಗುರು ಬರುವುದು ಗೆಡ್ಡೆಯ ಕುತ್ತಿಗೆಯಿಂದ. ಅದು ಮುರಿದರೆ ಮುಗಿಯಿತು, ಬೇರೊಂದಿಲ್ಲ. ಎಲ್ಲರೂ ನೋಡುತ್ತಿರುತ್ತೇವೆ. ಕೈ ನಡುಗದಂತೆ ಎಚ್ಚರ ವಹಿಸತಕ್ಕದ್ದು.

ಇಂತಿ,
ಭಾನುವಾರದವರೆಗೆ ಅಕ್ಕನಿಲ್ಲದ ತಂಗಿ
(ಸಂಘದ ಕಾರ್ಯದರ್ಶಿಯೂ ಹೌದು)